ಸಿನಿಮಾದ ಬಾಹ್ಯಾಕಾಶ ನೌಕೆಯಲ್ಲಿ ಯಾರೂ ಯಾಕೆ ತೇಲಲ್ಲ?

ಹುಬ್ಬಳ್ಳಿ ಹುಡುಗ: ಸಿನಿಮಾ ನೌಕೆಯೊಳಗೆ ಎಲ್ಲರೂ ದುರ್ಗದಬೈಲಿನಲ್ಲಿ ಅಡ್ಡಾಡಿದ ಹಾಗೆ ಆರಾಮಾಗಿ ನಡೆಯುತ್ತಾರೆ. ನೆಲದ ಕೆಳಗೆ ಮಷೀನು ಇಟ್ಟು ಗುರುತ್ವ ಹುಟ್ಟಿಸೋಕೆ ನಿಜವಾಗ್ಲೂ ಆಗುತ್ತಾ?

ಧಾರವಾಡ ಪೇಡಾ: ಆ ಮಷೀನು ಸುಮ್ನೆ ಕಥೆ ರೀ. ಆದರೆ ನೌಕೆಯನ್ನೇ ತಿರುಗಿಸಬಹುದು. ಬಕೆಟ್ಟಿಗೆ ಅರ್ಧ ನೀರು ಹಾಕಿ ಜೋರಾಗಿ ತಿರುಗಿಸಿದರೆ ತಲೆ ಮೇಲೆ ಬಂದಾಗಲೂ ಚೆಲ್ಲಲ್ಲ ಅಲ್ವಾ, ಇಲ್ಲಿ ನೌಕೆಯೇ ಬಕೆಟ್ಟು, ನೀವು ನೀರು. ತೊಂದರೆ ಇರೋದು ಗಾತ್ರದಲ್ಲಿ. ನಿಮಿಷಕ್ಕೆ 2 ಸುತ್ತು ತಿರುಗಿ ಭೂಮಿಯಷ್ಟೇ ತೂಕ ಅನಿಸಬೇಕು ಅಂದರೆ ತ್ರಿಜ್ಯ ಸುಮಾರು 224 ಮೀಟರ್ ಬೇಕು. ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಅಗಲದ ಚಕ್ರ!

ಹುಬ್ಬಳ್ಳಿ ಹುಡುಗ: ಸಣ್ಣ ಚಕ್ರ ಮಾಡಿ ಜೋರಾಗಿ ತಿರುಗಿಸಿದರೆ?

ಗದಗಿನ ಗಿರ್ಮಿಟ್: ಜಾತ್ರೆಯ ತೊಟ್ಟಿಲಲ್ಲಿ ಕೂತು ಇಳಿದ ಮೇಲೆ ಕೇಳಿ, ಉತ್ತರ ಸಿಗುತ್ತೆ 😄 10 ಮೀಟರ್ ತ್ರಿಜ್ಯಕ್ಕೆ ನಿಮಿಷಕ್ಕೆ ಒಂಬತ್ತೂವರೆ ಸುತ್ತು ಬೇಕು. ಕತ್ತು ಹೊರಳಿಸಿದರೆ ಸಾಕು, ತಲೆಸುತ್ತು. ಅದೂ ಅಲ್ಲದೆ ತಲೆ ಕೇಂದ್ರಕ್ಕೆ ಹತ್ತಿರ ಇರೋದರಿಂದ ಕಾಲಿಗಿಂತ ತಲೆಗೆ ಎಳೆತ ಕಡಿಮೆ.

ಹಾವೇರಿ ಮೆಣಸಿನಕಾಯಿ: ತಿರುಗಿಸದೇನೂ ಆಗುತ್ತೆ. ಬಸ್ಸು ಗಕ್ಕನೆ ಹೊರಟಾಗ ಸೀಟು ಬೆನ್ನಿಗೆ ಒತ್ತುತ್ತಲ್ಲ, ಹಾಗೆ ಎಂಜಿನ್ ನಿಲ್ಲಿಸದೆ ಪ್ರತಿ ಸೆಕೆಂಡೂ ವೇಗವನ್ನು ಸೆಕೆಂಡಿಗೆ 9.8 ಮೀಟರ್‌ನಷ್ಟು ಏರಿಸುತ್ತಾ ಹೋದರೆ ಎಂಜಿನ್ ಕಡೆಯ ಗೋಡೆಯೇ ನಿಮಗೆ ನೆಲ. ಆದರೆ ಅಷ್ಟು ಇಂಧನ ಎಲ್ಲಿಂದ ತರ್ತೀರಿ? ಅಂದಹಾಗೆ 1966ರಲ್ಲಿ ಅಮೆರಿಕದವರು ಜೆಮಿನಿ 11 ನೌಕೆಯನ್ನು ಇನ್ನೊಂದು ನೌಕೆಗೆ ಪಟ್ಟಿಯಿಂದ ಕಟ್ಟಿ ತಿರುಗಿಸಿದ್ದರು, ಗುರುತ್ವ ಹುಟ್ಟಿತ್ತು, ಆದರೆ ತೀರಾ ಚೂರು.