ಶಾಲಾ ಮಕ್ಕಳ ‘ಕಾರಣ ತಿಳಿಯದ’ ಕೈಕಾಲು ನೋವನ್ನು ಕನ್ನಡದಲ್ಲಿ ಹೇಗೆ ಹೇಳುವುದು?

ಪದಚರ್ಚೆಯ ಬಳಗಕ್ಕೆ ನಮಸ್ಕಾರ.

ಪ್ರಾಥಮಿಕ ಶಾಲೆಯ ಮಕ್ಕಳು ಆಗಾಗ ಹೇಳಿಕೊಳ್ಳುವ, ಆದರೆ ವೈದ್ಯರು ಪರೀಕ್ಷಿಸಿದಾಗ ಯಾವ ದೋಷವೂ ಕಾಣದ ಕೈಕಾಲು ನೋವಿನ ಬಗ್ಗೆ ಪೋಷಕರಿಗೂ ಶಿಕ್ಷಕರಿಗೂ ಒಂದು ಕರಪತ್ರವನ್ನು ಸಿದ್ಧಪಡಿಸುತ್ತಿದ್ದೇನೆ. ವೈದ್ಯಕೀಯ ವಿವರಗಳು ಸರಿಯಾಗಿವೆ. ತೊಡಕಿರುವುದು ಕೆಲವು ಪದಗಳಲ್ಲಿ.

ಮೊದಲ ಕರಡಿನಲ್ಲಿ ‘ಕಾರಣವಿಲ್ಲದ ನೋವು’ ಎಂದಿತ್ತು. ಅದನ್ನು ಓದಿದ ಮೇಷ್ಟ್ರೊಬ್ಬರು, “ಕಾರಣವಿಲ್ಲ ಅಂದಮೇಲೆ ನೆಪ ಅಂತಲೇ ಬರೆದುಬಿಡಿ” ಎಂದರು. ಅವರು ಹೇಳಿದ್ದು ತಮಾಷೆಗಲ್ಲ. ನಮ್ಮ ಮಾತಿನಲ್ಲಿ ‘ಕಾರಣವಿಲ್ಲದೆ ಅಳುವುದು’, ‘ಕಾರಣವಿಲ್ಲದೆ ಸಿಟ್ಟಾಗುವುದು’ ಎಂದರೆ ತಪ್ಪು ಅಳುವವರ, ಸಿಟ್ಟಾಗುವವರ ಮೇಲೆಯೇ ಬರುತ್ತದೆ. ‘ಅಕಾರಣ’ಕ್ಕೂ ಅದೇ ಗತಿ. ‘ಅಜ್ಞಾತಕಾರಣ’ ಎಂಬುದನ್ನು ಹಳ್ಳಿಯ ತಾಯಿಯ ಕೈಗೆ ಕೊಡುವಂತಿಲ್ಲ. ‘ಕಾರಣ ತಿಳಿಯದ ನೋವು’ ಎಂದರೆ ನೋವು ನಿಜ, ತಿಳಿಯದಿರುವುದು ನಮಗೆ ಎಂಬ ಅರ್ಥ ಬರುತ್ತದೆಂದು ನನ್ನ ಭಾವನೆ. ಇದಕ್ಕಿಂತ ಒಳ್ಳೆಯದಿದ್ದರೆ ತಿಳಿಸಿ.

ಎರಡನೆಯದು ‘ಬೆಳವಣಿಗೆಯ ನೋವು’. 1823ರಲ್ಲಿ ಫ್ರೆಂಚ್ ವೈದ್ಯ ಡ್ಯುಶಾಂಪ್ ಇದನ್ನು ಬೆಳವಣಿಗೆಗೆ ಗಂಟು ಹಾಕಿದಂದಿನಿಂದ ಆ ಹೆಸರು ಉಳಿದುಬಂದಿದೆ. ನಮ್ಮ ಅಜ್ಜಿಯರೂ ‘ಮೈ ಬೆಳೆಯುವಾಗ ಹಾಗೇ’ ಎನ್ನುತ್ತಿದ್ದರು. ಆದರೆ ಈ ನೋವು ಕಾಣುವುದು ಹೆಚ್ಚಾಗಿ 3ರಿಂದ 12 ವರ್ಷದೊಳಗೆ. ಮಕ್ಕಳು ಅತಿ ವೇಗವಾಗಿ ಬೆಳೆಯುವುದು ಹುಟ್ಟಿದ ಮೊದಲ ವರ್ಷದಲ್ಲಿ, ಆಮೇಲೆ ಹರೆಯದಲ್ಲಿ. ಬೆಳವಣಿಗೆಯೇ ಕಾರಣ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಹಗಲೆಲ್ಲ ಆಡಿ ಬಂದ ಮಗು ರಾತ್ರಿ ಎರಡೂ ಕಾಲಿನ ಮೀನಖಂಡ, ತೊಡೆ ಅಥವಾ ಮಂಡಿಯ ಹಿಂಭಾಗವನ್ನು ಹಿಡಿದುಕೊಂಡು ಅಳುತ್ತದೆ, ಎಣ್ಣೆ ಹಚ್ಚಿ ನೀವಿದರೆ ಮಲಗುತ್ತದೆ, ಬೆಳಿಗ್ಗೆ ಏನೂ ಆಗದಂತೆ ಓಡುತ್ತದೆ. ಕಾರಣವನ್ನು ಊಹಿಸುವ ಹೆಸರಿಗಿಂತ ಕಂಡದ್ದನ್ನು ಹೇಳುವ ‘ರಾತ್ರಿಯ ಕಾಲುನೋವು’ ಮೇಲಲ್ಲವೇ?

ಮೂರನೆಯದು ‘ಸ್ನಾಯು’. ನಮ್ಮ ವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಸ್ನಾಯು ಎಂದರೆ ಮಾಂಸಖಂಡ. ಸುಶ್ರುತ ಸಂಹಿತೆಯಲ್ಲಿ ಹಾಗಲ್ಲ: ಅಲ್ಲಿ ಪೇಶಿಗಳು (ಮಾಂಸಖಂಡಗಳು) 500, ಸ್ನಾಯುಗಳು 900 ಎಂದು ಬೇರೆ ಬೇರೆ ಲೆಕ್ಕವಿದ್ದು, ಸ್ನಾಯು ಎಂಬುದು ಕಟ್ಟುವ, ಬಿಗಿಯುವ ತಂತುಗಳಿಗೆ ಸಲ್ಲುತ್ತದೆ. ಬಂಗಾಳಿಯಲ್ಲಂತೂ ಸ್ನಾಯು ಎಂದರೆ ನರ. ಇನ್ನು ಮನೆಮಾತಿನಲ್ಲಿ ‘ನರ ಎಳೆದುಕೊಂಡಿದೆ’ ಎನ್ನುವಾಗ ಆ ‘ನರ’ ಮಾಂಸಖಂಡವೂ ಆಗಿರಬಹುದು, ರಕ್ತನಾಳವೂ ಆಗಿರಬಹುದು. ‘ಸ್ನಾಯು ಸೆಳೆತ’ ಎಂದು ಬರೆಯೋಣವೆಂದರೆ ಫಿಟ್ಸ್ ಬಂದಾಗಿನದನ್ನೂ ಸೆಳೆತ ಎನ್ನುವವರಿದ್ದಾರೆ. ಹೀಗಾಗಿ ‘ಮಾಂಸಖಂಡದ ನೋವು’ ಎಂದೇ ಇಟ್ಟಿದ್ದೇನೆ. ಉದ್ದವಾದರೂ ತಪ್ಪು ದಾರಿ ಹಿಡಿಸುವುದಿಲ್ಲ. ಉತ್ತರ ಕರ್ನಾಟಕದ ‘ಬ್ಯಾನಿ’ ನನಗೆ ಇಷ್ಟವಾದ ಪದ, ಆದರೆ ‘ಕಾಲುಬಾಯಿ ಬೇನೆ’ ಎನ್ನುವಲ್ಲಿ ಬೇನೆಗೆ ರೋಗವೆಂಬ ಅರ್ಥವೂ ಅಂಟಿಕೊಂಡಿದೆ.

ನಾಲ್ಕನೆಯದು ‘ಕೀಲು’. ಇಲ್ಲಿ ಪದ ತಪ್ಪಿದರೆ ಮಗುವಿಗೇ ಕೆಡುಕು. ಕರಪತ್ರದ ಮುಖ್ಯ ಭಾಗವೇ ಯಾವಾಗ ತಡಮಾಡದೆ ವೈದ್ಯರ ಬಳಿ ಹೋಗಬೇಕು ಎಂಬುದು: ನೋವು ಒಂದೇ ಕಡೆ ನಿಂತಾಗ, ಕೀಲು ಊದಿಕೊಂಡಾಗ, ಮಗು ಕುಂಟಿದಾಗ, ಜ್ವರ ಇದ್ದಾಗ, ತೂಕ ಇಳಿದಾಗ, ಬೆಳಿಗ್ಗೆ ಎದ್ದೊಡನೆ ಕೀಲು ಮಡಚಲು ಕಷ್ಟವಾದಾಗ. ಮಕ್ಕಳಿಗೂ ಕೀಲುವಾತ ಬರುತ್ತದೆ. 16 ವರ್ಷದೊಳಗೆ ಶುರುವಾಗಿ, 6 ವಾರವಾದರೂ ಬಿಡದೆ, ಬೇರೆ ಕಾರಣವೂ ಸಿಗದ ಕೀಲೂತವನ್ನು ವೈದ್ಯರು ಹಾಗೆ ಗುರುತಿಸುತ್ತಾರೆ. ಗಂಟಲುನೋವು ಬಂದುಹೋದ ಎರಡು ಮೂರು ವಾರಕ್ಕೆ ಕೀಲಿನಿಂದ ಕೀಲಿಗೆ ಹಾರುವ ನೋವು ಕಂಡರೆ ಅದು ರುಮ್ಯಾಟಿಕ್ ಜ್ವರವಾಗಿರಬಹುದು, ಅದರಿಂದ ಹೃದಯದ ಕವಾಟಗಳು ಕೆಡಬಹುದು. ಇಲ್ಲಿ ‘ಗಂಟುನೋವು’ ಎಂದರೆ ಕರಾವಳಿಯವರಿಗೆ ಸರಿಯಾಗಿ ತಿಳಿಯುತ್ತದೆ. ಮೈಸೂರು ಕಡೆಯವರು ಚರ್ಮದಡಿಯ ಗಡ್ಡೆಯೆಂದು ತಿಳಿದಾರು. ‘ಕೀಲು’ ಎಲ್ಲ ಕಡೆಗೂ ಹೊಂದೀತೇ, ಅಥವಾ ‘ಸಂದು’ ಎಂದೂ ಜೊತೆಗೆ ಬರೆಯಬೇಕೇ?

ಬೆಳಗಿನ ಆ ಬಿಗುವಿಗೂ ಪದ ಬೇಕು. ‘ಮರಗಟ್ಟುವುದು’ ಎಂದು ಕೆಲವೆಡೆ ಅನುವಾದವಾಗಿರುವುದನ್ನು ಕಂಡಿದ್ದೇನೆ. ಅದು ಸ್ಪರ್ಶಜ್ಞಾನ ಹೋಗುವುದು, ಇದಲ್ಲ. ‘ಪೆಡಸು’ ಸರಿ, ಆದರೆ ಬಳಕೆಯಲ್ಲಿ ಹಿಂದೆ ಸರಿದಿದೆ. ‘ಮಂಡಿ ಹಿಡಿದುಕೊಂಡಿದೆ’ ಎಂಬುದು ನನಗೆ ತಿಳಿದವರೆಲ್ಲ ಆಡುವ ಮಾತು, ಅದರ ನಾಮಪದ ಮಾತ್ರ ‘ಹಿಡಿತ’ ಎಂದಾಗಿ ಅರ್ಥ ಕೆಡುತ್ತದೆ.

ನಿಮ್ಮ ಕಡೆಯ ಮಕ್ಕಳು ರಾತ್ರಿ ಎದ್ದು ಈ ನೋವನ್ನು ಯಾವ ಕ್ರಿಯಾಪದದಲ್ಲಿ ಹೇಳುತ್ತಾರೆ? ಸೆಳೆಯುತ್ತದೆ, ಜಗ್ಗುತ್ತದೆ, ನೋಯುತ್ತದೆ ಎಂಬಿವು ನನ್ನ ಬಳಿ ಇವೆ. ಊರು ಅಥವಾ ತಾಲ್ಲೂಕಿನ ಹೆಸರಿನೊಂದಿಗೆ, ಆಡುವ ರೂಪದಲ್ಲಿಯೇ ಬರೆದು ತಿಳಿಸಿದರೆ ಉಪಕಾರವಾಗುತ್ತದೆ.