ಮಡಿಕೇರಿ ಕಡೆಗೆ ಯಾವ ಶಾರ್ಟ್‌ವೇವ್ ರೇಡಿಯೋ ಸೆಟ್ ಒಳ್ಳೇದು?

ತೋಟದಮನೆ: ಮಡಿಕೇರಿ ಆಕಾಶವಾಣಿ 103.1 ದಿನಾ ಕೇಳುತ್ತೇನೆ. ಈಗ ದೂರದ ದೇಶದ ಸ್ಟೇಷನ್ ಹಿಡಿಯುವ ಆಸೆ. ಟೆಕ್ಸನ್ ಪಿಎಲ್-330 ತಗೊಳ್ಳಲಾ, ಇಲ್ಲ ಮುಳ್ಳು ಸರಿಸಿ ಸ್ಟೇಷನ್ ಹುಡುಕುವ ಅಗ್ಗದ ಸೆಟ್ ಸಾಕಾ?

ಕಾಫಿಕಣ: 330 ತಗೊಳ್ಳಿ ಅಣ್ಣ. ಎಸ್‌ಎಸ್‌ಬಿ ಅನ್ನೋ ಬಗೆಯ ಪ್ರಸಾರವನ್ನೂ ಹಿಡಿಯುತ್ತೆ, ಹಾಗಾಗಿ ಹ್ಯಾಮ್‌ನವರ (ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರ) ಹರಟೆಯೂ ಕೇಳಬಹುದು. ಆದರೆ ಸೆಟ್‌ಗಿಂತ ಆಂಟೆನಾ ಮುಖ್ಯ. ಕರೆಂಟ್ ಲೈನ್‌ನಿಂದ ದೂರ ಇರುವ ಸಿಲ್ವರ್ ಓಕ್‌ಗೆ ಹತ್ತು ಮೀಟರ್ ವೈರ್ ಎಳೆದು, ಈಚೆ ತುದಿಯ ಸಿಪ್ಪೆ ಸುಲಿದು ಸೆಟ್‌ನ ಏರಿಯಲ್ ಕಡ್ಡಿಗೆ ಸುತ್ತಿ. ಗುಡುಗುವ ಮೊದಲೇ ಬಿಚ್ಚಿಡಿ, ಸಿಡಿಲಿನ ಜೊತೆ ಆಟ ಬೇಡ.

ಪೊನ್ನಂಪೇಟೆ ಕೇಳುಗ: ಹಗಲು ಶಾರ್ಟ್‌ವೇವ್‌ನ 19 ಮೀಟರ್ ಬ್ಯಾಂಡ್ (ತರಂಗಗಳ ಪಟ್ಟಿ), ರಾತ್ರಿ 41, 49 ನೋಡಿ. ಎಲ್‌ಇಡಿ ಬಲ್ಬು, ಇನ್ವರ್ಟರ್ ಗೊರಗೊರ ಅಂತ ತಲೆ ತಿನ್ನುತ್ತವೆ. ಕರೆಂಟ್ ಹೋದಾಗ ಇನ್ವರ್ಟರನ್ನೂ ಆರಿಸಿ ಕೇಳಿ, ಬ್ಯಾಂಡ್ ಎಷ್ಟು ತಿಳಿ ಅಂತೀರಿ!

ತೋಟದಮನೆ: ಹಾಗಾದ್ರೆ ಮಳೆಗಾಲದಲ್ಲಿ ನಮಗೆ ದಿನಾ ಹಬ್ಬ ಬಿಡಿ. ವೈರ್ ಯಾವುದು?

ಕಾಫಿಕಣ: ಮನೆ ವೈರಿಂಗ್‌ದೇ ಸಾಕು.