ಕೋರ್ಟ್ ಹರಾಜಿನ್ಯಾಗ ಹಿಡಿದ ಮನಿಗೆ ಹಳೇ ಕರ ಯಾರು ಕಟ್ಟಬೇಕು?

ಕೇಶ್ವಾಪುರ ಓಣಿ: ಸಾಲ ವಸೂಲಿಗೆ ಆದ ಡಿಕ್ರಿ (ಕೋರ್ಟ್ ತೀರ್ಮಾನ) ಮ್ಯಾಲೆ ಹುಬ್ಬಳ್ಳಿ ಕೋರ್ಟಿನ ಹರಾಜಿಗೆ ಒಂದು ಮನಿ ಬಂದೈತಿ. ಮಾಲಕ ಪಾಲಿಕೆಗೆ ಹತ್ತು ವರ್ಷದ ಕರ ಬಾಕಿ ಇಟ್ಟಾನ. ಅದು ಹರಾಜು ಹಿಡಿದವರ ತಲಿಗೆ ಬರತೈತೇನ್ರಿ? ಮುಂದ ಹರಾಜು ರದ್ದಾಗೂದೂ ಐತೇನು?

ಬೋಜಾ ನೋಡ್ರಿ: ಬಾಕಿ ಬರಂಗಿಲ್ಲ. ಅಹಮದಾಬಾದ್ ಪಾಲಿಕೆಯ ಇಂಥಾದ್ದ ಪ್ರಕರಣದಾಗ 1971ರಾಗ ಸುಪ್ರೀಂ ಕೋರ್ಟ್ ಹೇಳೈತಿ: ಕರ ಆಸ್ತಿ ಮ್ಯಾಲಿನ ಬೋಜಾ (ಆಸ್ತಿಯಿಂದನ ವಸೂಲಿ ಆಗೂ ಹೊರೆ) ಖರೆ, ಆದ್ರ ಬಾಕಿ ಐತಂತ ಗೊತ್ತಿಲ್ಲದನ ರೊಕ್ಕ ಕೊಟ್ಟು ಕೊಂಡವರ ವಿರುದ್ಧ ಅದು ನಡೆಯಂಗಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆ, 100ನೇ ಕಲಂ.

ವಿದ್ಯಾನಗರ ವಕೀಲ: ಅಲ್ಲಿ ಮನೆ ದಿವಾಳಿ ರಿಸೀವರ್ (ದಿವಾಳಿಯಾದವರ ಆಸ್ತಿ ನೋಡಿಕೊಳ್ಳಲು ಕೋರ್ಟ್ ನೇಮಿಸಿದವರು) ಕೈಯಲ್ಲಿತ್ತು, ಕೊಂಡವರಿಗೆ ಬಾಕಿಯ ಸುಳಿವಿರಲಿಲ್ಲ. ಇಲ್ಲಿ ಕೇಳಿದವರೇ ಬಾಕಿ ಇದೆ ಎಂದು ಬರೆದಿದ್ದಾರಲ್ಲ! ಅವರಿಗೆ ಆ ರಕ್ಷಣೆ ಎಲ್ಲಿ?

ಬೋಜಾ ನೋಡ್ರಿ: ಹಂಗಾರ ಪಾಲಿಕೆಗೆ ಹೋಗಿ ಕೇಳಾಕನ ಹೋಗಬಾರದು ಅಂತೀರಿ.

ವಿದ್ಯಾನಗರ ವಕೀಲ: ಬೇಕೆಂದೇ ವಿಚಾರಿಸದೆ ಬಿಟ್ಟರೂ ತಿಳಿದಂತೆಯೇ ಲೆಕ್ಕ, ಅದೇ ಕಾಯ್ದೆಯ 3ನೇ ಕಲಂ. ಕೇಳಿಯೇ ಹೋಗಿ. ಬಾಕಿಯಷ್ಟು ಸವಾಲಿನಲ್ಲಿ ಇಳಿಸಿ. ಖಾತೆ ಬದಲಾವಣೆಗೆ ಹೋದಾಗ ಬಾಕಿ ಕಟ್ಟಿದ ಚಲನ್ ಕೇಳುತ್ತಾರೆ, ಆಗ ಆ 1971ರ ತೀರ್ಪು ಹಿಡಿದುಕೊಂಡು ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗುವ ಖರ್ಚು ಬಾಕಿಗಿಂತ ಹೆಚ್ಚಾಗಲೂಬಹುದು.

ಗದಗ ಮಂದಿ: 2023ರಾಗ ಕೇರಳದ ಕರೆಂಟ್ ಬಾಕಿ ಕೇಸಿನ್ಯಾಗ ಹರಾಜು ಹಿಡಿದವರ ಕಡೆಯಿಂದನ ವಸೂಲಿ ಅಂತ ಆತಲ್ರಿ?

ಬೋಜಾ ನೋಡ್ರಿ: ಹೊಸ ಕನೆಕ್ಷನ್ ಬೇಕಂದ್ರ ಹಳೇ ಬಾಕಿ ತೀರಸ್ರಿ ಅನ್ನೋ ನಿಯಮ ಅಲ್ಲಿತ್ತು. ಕರಕ್ಕ ಅದನ್ನ ಎಳೀಬ್ಯಾಡ್ರಿ.

ಕೋರ್ಟ್ ಗುಮಾಸ್ತ: ರದ್ದಾಗೂ ಮಾತು ಯಾರೂ ಎತ್ತಲಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆ, 21ನೇ ಆದೇಶ ತಗೀರಿ. ಜಾಹೀರು ಪ್ರಕಟಣೆ ಹಚ್ಚಿ 15 ದಿನ ಆಗೂತನಕ ಹರಾಜು ಮಾಡುವಂಗಿಲ್ಲ. ಸವಾಲು ನಿಂತ ಕೂಡಲೇ 25%, 15ನೇ ದಿನದೊಳಗ ಪೂರ್ತಿ ರೊಕ್ಕ. ತಡಾ ಆದ್ರ ಕ್ಷಮಾ ಇಲ್ಲ, ಆ ಹರಾಜು ಹರಾಜ ಅಲ್ಲ ಅಂತ 1954ರ ತೀರ್ಪು ಐತಿ, ಠೇವಣಿ ಮುಟ್ಟುಗೋಲೂ ಆಗಬಹುದು. ಮಾಲಕ 60 ದಿನದಾಗ ಪ್ರಕಟಣೆಯೊಳಗ ಬರೆದ ಡಿಕ್ರಿ ಸಾಲದ ಜೊತಿಗೆ ಹರಾಜಿನ ಕಿಮ್ಮತ್ತಿನ 5% ಕೋರ್ಟಿಗೆ ಕಟ್ಟಿದ್ರ ಮನಿ ವಾಪಸ್ ಅವನದ. ಪ್ರಕಟಣೆಯೊಳಗ ತಪ್ಪು ಐತಿ ಅಂತ ತಕರಾರು ತಂದ್ರ, ಅದರಿಂದ ಗಣನೀಯ ನಷ್ಟ ಆಗೇತಿ ಅಂತನೂ ಅವನ ತೋರಸಬೇಕು.

ಕೇಶ್ವಾಪುರ ಓಣಿ: ಪ್ರಕಟಣೆಯೊಳಗ ಬೋಜಾದ ಕಾಲಂ ಖಾಲಿ ಐತ್ರಿ.

ವಿದ್ಯಾನಗರ ವಕೀಲ: ಹಾಗಿದ್ದರೆ ಹರಾಜಿಗೆ ಮುಂಚೆ ಅರ್ಜಿ ಹಾಕಿ, ಪಾಲಿಕೆ ಬಾಕಿಯನ್ನು ಅದರಲ್ಲಿ ಬರೆಸಿ. ಸವಾಲು ಕರೆಯುವ ಉಳಿದವರೂ ಆ ಲೆಕ್ಕ ಹಿಡಿದೇ ಕೂಗುತ್ತಾರೆ.